ಈಜುಕೊಳಕ್ಕೆ ಬಿಟ್ಟ ಬಾಗಿನ

ನಮ್ಮೂರ ಈಜುಕೊಳದಲ್ಲಿ ಹೆಂಗಸರ ಹೊತ್ತು ಯಾಕೆ ನಿಂತಿತು ಎಂದು ಯಾರನ್ನೇ ಕೇಳಿ, ಒಂದೇ ಉತ್ತರ: "ಗಾರ್ಡ್ ಹುಡ್ಗಿ ರೆಸಾರ್ಟಿಗೆ ಹೊಂಟೋದ್ಲು ಕಣಮ್ಮ. ಕಾಡಿನೋರು, ಒಂದ್ಕಡೆ ನಿಲ್ಲಾಕಿಲ್ಲ." ಹಾಲಿನ ಡೇರಿಯ ಮುಂದೆಯೂ ಇದೇ, ಮದುವೆಯೂಟದ ಪಂಕ್ತಿಯಲ್ಲೂ ಇದೇ. ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು ನಾನು. ಊರೆಲ್ಲ ಒಂದೇ ಮಾತನ್ನು ಒಂದೇ ಧಾಟಿಯಲ್ಲಿ ಹೇಳತೊಡಗಿದರೆ ನನಗೆ ನಂಬಿಕೆ ಹೆಚ್ಚುವುದಿಲ್ಲ, ಅನುಮಾನ ಹೆಚ್ಚುತ್ತದೆ. ಸರಿ, ಅವಳನ್ನು ರೆಸಾರ್ಟಿನಲ್ಲಿ ಕಂಡವರು ಯಾರು? ಕೇಳುತ್ತಾ ಹೋದೆ. ಒಬ್ಬರೂ ಕಂಡಿರಲಿಲ್ಲ.

ಈ ಜಗಳ ನನಗೆ ಬೇಕಿರಲಿಲ್ಲ. ಬೇಕಿದ್ದದ್ದು ಅಮ್ಮನ ಮಂಡಿ. ಆಪರೇಷನ್ನಿಗೆ ಹೆದರಿ ಕೂತಿದ್ದವಳಿಗೆ ಮೈಸೂರಿನ ಡಾಕ್ಟರು, "ಹಾಗಾದರೆ ನೀರಲ್ಲಿ ನಡೀರಿ" ಎಂದರು. ಮನೆಯಲ್ಲಿ ಬಚ್ಚಲಿಗೆ ಹೋಗಬೇಕಾದರೂ ಗೋಡೆ ಹಿಡಿಯುತ್ತಿದ್ದ ಅಮ್ಮ, ಈಜುಕೊಳದಲ್ಲಿ ಎದೆಮಟ್ಟದ ನೀರಿಗಿಳಿದರೆ ಎರಡೂ ಕೈ ಬೀಸಿಕೊಂಡು ನಡೆಯುತ್ತಿದ್ದಳು. ಸಂತೆಗೆ ಹೊರಟವಳ ಹಾಗೆ.

ಕೊಳಕ್ಕೆ ವಯಸ್ಸಾಗಿತ್ತು. ಟೈಲ್ಸ್ ಎದ್ದು ಕಾಲು ಕೊಯ್ಯುತ್ತಿತ್ತು, ಬಟ್ಟೆ ಬದಲಿಸುವ ಕೋಣೆಗೆ ಚಿಲಕವಿರಲಿಲ್ಲ. ಮೋಟರ್ ನೋಡಿಕೊಳ್ಳುತ್ತಿದ್ದವರು ನಿವೃತ್ತರಾದರು, ಆ ಜಾಗಕ್ಕೆ ಯಾರೂ ಬರಲಿಲ್ಲ. ಗಂಡಸರ ಹೊತ್ತಿನ ಗಾರ್ಡ್ ಕಾರು ಓಡಿಸಲು ಹೋದ, ಅವನ ಜಾಗವೂ ಖಾಲಿ. ಉಳಿದವಳು ಹೆಂಗಸರ ಹೊತ್ತಿನ ಈ ಹುಡುಗಿಯೊಬ್ಬಳೇ. ಕಾಕನಕೋಟೆ ಕಾಡಂಚಿನ ಹಾಡಿಯವಳು, ಕಬಿನಿಯ ಹಿನ್ನೀರಿನಲ್ಲಿ ಈಜು ಕಲಿತವಳು, ಆಮೇಲೆ ಮೈಸೂರಿನಲ್ಲಿ ತರಬೇತಿ ಮುಗಿಸಿ ಬಂದವಳು. ಎಲೆ ಬಾಚುವುದು, ಬ್ಲೀಚಿಂಗ್ ಪೌಡರ್ ಕಲಸುವುದು, ಮೋಟರ್ ಹಾಕುವುದು, ಸೀಟಿ ಊದುವುದು ಎಲ್ಲ ಅವಳೇ. ಬಾಯಿಯೂ ಜೋರಿತ್ತು. ತಲೆತುಂಬ ಎಣ್ಣೆ ಹಚ್ಚಿಕೊಂಡು ಬಂದ ಹೆಂಗಸರನ್ನು ಮೆಟ್ಟಿಲಲ್ಲೇ ತಡೆಯುತ್ತಿದ್ದಳು.

"ಅಕ್ಕಾ, ಈಜಕ್ಕೆ ಬಂದ್ರೋ, ನೀರಿಗೆ ಒಗ್ಗರಣೆ ಆಕಕ್ಕೆ ಬಂದ್ರೋ?"

"ಅಯ್ಯೋ, ಇವತ್ತು ಶುಕ್ರವಾರ ಕಣೇ!"

"ಶುಕ್ರವಾರ ನಿಮ್ಗೆ. ನೀರ್ಗೆ ದಿನಾನೂ ಸೋಮವಾರನೇ. ಓಗಿ, ಸೋಪಾಕಿ ತೊಳ್ಕಬನ್ನಿ."

ಅಮ್ಮನ ವಿಷಯದಲ್ಲಿ ಮಾತ್ರ ತುಸು ಮೆತ್ತಗೆ. "ನಿಮ್ಮವ್ವ ಇನ್ನೆಲ್ಡು ತಿಂಗ್ಳಿಗೆ ನಿಮ್ಮನೆ ಮೆಟ್ಲ ಓಡ್ಕಂಡು ಅತ್ತುತ್ತಾರೆ, ನೋಡ್ತಾ ಇರಿ" ಎಂದಿದ್ದಳು.

ಅಷ್ಟರಲ್ಲಿ ಹಳೆಯ ಪಂಪ್ ಸತ್ತಿತು. ನೀರು ಹಸಿರಾಯಿತು, ಕೊಳ ಮುಚ್ಚಿತು. ಕೊಳ ನೋಡಿಕೊಳ್ಳುವ ಸಮಿತಿಯವರು ತಿಂಗಳುಗಟ್ಟಲೆ ಮೀಟಿಂಗು ಮಾಡಿ ಕಡೆಗೂ ಹೊಸ ಪಂಪ್ ಕೂರಿಸಿದರು. ಆಳದ ಕಡೆ ತಳದಲ್ಲಿ ನೀರೆಳೆಯುವ ಬಾಯಿಯ ಜಾಲರಿ ತುಕ್ಕು ಹಿಡಿದು ಅರ್ಧ ಉದುರಿತ್ತು. ಅದನ್ನು ಬದಲಿಸಬೇಕೆಂದು ಯಾರಿಗೂ ಅನ್ನಿಸಲಿಲ್ಲ. ನೀರೊಳಗಿನ ಜಾಲರಿಗೆ ರಿಬ್ಬನ್ ಕಟ್ಟಿ ಫೋಟೊ ತೆಗೆಸಿಕೊಳ್ಳಲಾಗದಲ್ಲ.

ಸಮಿತಿಯ ಅಧ್ಯಕ್ಷರು ನನಗೆ ಹೈಸ್ಕೂಲಿನಲ್ಲಿ ಪಾಠ ಹೇಳಿದ ಮೇಷ್ಟ್ರು. ಮೊದಲ ಸಲ ನನ್ನ ಕೈಗೆ ಮೈಕು ಕೊಟ್ಟು, ಎದುರಾಳಿಯ ಮಾತನ್ನು ಪೂರ್ತಿ ಕೇಳಿಸಿಕೊಂಡ ಮೇಲೆ ಬಾಯಿ ತೆರೆ ಎಂದು ಕಲಿಸಿದವರೂ ಅವರೇ. ಕಬಿನಿ ತುಂಬಿದಾಗಲೆಲ್ಲ ದೊಡ್ಡವರು ಬಂದು ಬಾಗಿನ ಬಿಡುವುದನ್ನು ಅವರು ಟೀವಿಯಲ್ಲಿ ಕಂಡಿದ್ದರು. ನಮ್ಮ ಕೊಳವೂ ತುಂಬಿದೆಯಲ್ಲ, ಅದಕ್ಕೂ ಒಂದು ಬಾಗಿನ ಆಗಬೇಕು ಎಂದರು. ಬೋರ್‌ವೆಲ್ಲಿನ ನೀರಿಗೆ ಬಾಗಿನ! ನಾನು ನಕ್ಕೆ. ನಗದೆ ನಿಂತವಳು ಗಾರ್ಡ್ ಹುಡುಗಿಯೊಬ್ಬಳೇ.

ಹೊಸ ಪಂಪಿನ ಉದ್ಘಾಟನೆಯ ದಿನ ಬಾಗಿನ ಬಂತು: ಮೊರದ ತುಂಬ ಅಕ್ಕಿ, ಬೇಳೆ, ಅರಿಶಿನ, ಕುಂಕುಮ, ಬಳೆ, ತೆಂಗಿನಕಾಯಿ, ಮೇಲೊಂದು ರವಿಕೆಕಣ.

"ನೀರ್ಗೆ ಮುಟ್ಸಿ ಎತ್ಕಬುಡಿ ಸಾರ್" ಎಂದಳು ಅವಳು. "ಒಳಿಕೆ ಬುಡಬ್ಯಾಡಿ."

"ಬಾಗಿನ ವಾಪಸ್ ಎತ್ಕೊಂಡ್ರೆ ಅಪಶಕುನ ಕಣಮ್ಮ. ನಿಂಗೆ ಇದೆಲ್ಲ ಗೊತ್ತಾಗಲ್ಲ, ಸುಮ್ನಿರು."

ಬಿಟ್ಟರು. ಮೊರ ಒಂದು ಸುತ್ತು ತಿರುಗಿ ಆಳದ ಕಡೆ ಮುಳುಗಿತು. ಚಪ್ಪಾಳೆ ಬಿತ್ತು. ಅವಳು ದುಪಟ್ಟಾ ಸೊಂಟಕ್ಕೆ ಬಿಗಿದು ಮುಳುಗಲು ಹೊರಟಳು. ಮೇಷ್ಟ್ರು ಕೈ ಅಡ್ಡ ಹಿಡಿದರು.

"ಗಣ್ಯರು ನಿಂತಿದಾರೆ, ಈಗೆಲ್ಲಿ ಇಳೀತೀಯ? ಮೊದ್ಲು ಮೋಟರ್ ಹಾಕು, ನೀರು ಓಡೋದನ್ನ ನೋಡ್ಲಿ."

"ಅಕ್ಕಿ ಎಳ್ಕತದೆ ಸಾರ್. ತೆಗ್ದುಬುಟ್ಟು ಆಕ್ತೀನಿ, ಐದು ನಿಮ್ಸ."

"ಹಾಕು ಅಂದ್ರೆ ಹಾಕಮ್ಮ!"

ಹಾಕಿದಳು. ನೀರು ಒಂದಿಷ್ಟು ಹೊತ್ತು ಆಡಿತು. ಆಮೇಲೆ ಶೆಡ್ಡಿನೊಳಗಿಂದ ಮಿಕ್ಸಿಯಲ್ಲಿ ಕಲ್ಲು ಸಿಕ್ಕಿದಂಥ ಸದ್ದು, ಅದರ ಹಿಂದೆಯೇ ಸುಟ್ಟ ವಾಸನೆ. ಪಂಪ್ ಬಿಚ್ಚಿದಾಗ ಹಸಿರು ರವಿಕೆಕಣ ಅದರ ರೆಕ್ಕೆಗೆ ಬಿಗಿದು ಸುತ್ತಿಕೊಂಡಿತ್ತು. ನಡುನಡುವೆ ಬಳೆಚೂರು, ನೆನೆದು ಉಬ್ಬಿದ ಅಕ್ಕಿ.

ವಾರದೊಳಗೆ ಸಮಿತಿ ತೀರ್ಮಾನಿಸಿತು: ಸ್ವಿಚ್ ಹಾಕಿದ್ದು ಗಾರ್ಡ್, ನಿರ್ಲಕ್ಷ್ಯ ಗಾರ್ಡಿನದು. ನಾಳೆಯಿಂದ ಬರುವುದು ಬೇಡ ಎಂದರು. ಬಾಗಿನದ ಸುದ್ದಿ ಒಬ್ಬರ ಬಾಯಲ್ಲೂ ಬರಲಿಲ್ಲ. ನಾನು ಹೋಗಿ ವಾದ ಮಾಡಿದೆ. "ನೀನು ಸಮಿತಿ ಮೆಂಬರ್ರಾ?" ಎಂದು ಕೇಳಿ ಬಾಗಿಲು ತೋರಿಸಿದರು. ಊರಿನ ಹೆಂಗಸರೆಲ್ಲ ಆ ದಿನ ದಡದಲ್ಲೇ ನಿಂತಿದ್ದರು, ಎಲ್ಲ ಕಣ್ಣಾರೆ ಕಂಡಿದ್ದರು. ಆದರೆ ಬಾಗಿನದಿಂದ ಕೆಟ್ಟಿತು ಎಂದು ನಾಲಿಗೆ ಆಡಿಸಲು ಯಾರಿಗೂ ಧೈರ್ಯ ಬರಲಿಲ್ಲ. ಗಂಗೆಗೆ ಬಿಟ್ಟದ್ದನ್ನು ಆಡಿಕೊಳ್ಳುವುದುಂಟೇ? ಅದರ ಬದಲು ರೆಸಾರ್ಟಿನ ಕತೆ ಹುಟ್ಟಿತು. ಅದು ಎಲ್ಲರಿಗೂ ಅನುಕೂಲವಾಯಿತು.

ಪಂಪ್ ಮತ್ತೆ ರಿಪೇರಿಯಾಯಿತು, ಕೊಳ ತೆರೆಯಿತು. ಗಂಡಸರಿಗೆ. ಹೆಂಗಸರ ಹೊತ್ತು ಇಲ್ಲ, ಯಾಕೆಂದರೆ ಲೇಡಿ ಗಾರ್ಡ್ ಇಲ್ಲ, ಗಾರ್ಡಿಲ್ಲದೆ ಹೆಂಗಸರು ನೀರಿಗಿಳಿದರೆ ಅಪಾಯ. ಗಂಡಸರ ಹೊತ್ತಿಗೂ ಗಾರ್ಡ್ ಇಲ್ಲ. ಆ ನೀರಿಗೆ ಗಂಡಸರನ್ನು ಮುಳುಗಿಸಲು ಬರುವುದಿಲ್ಲವೆಂದು ಕಾಣುತ್ತದೆ. ಅಮ್ಮ ಮತ್ತೆ ಗೋಡೆ ಹಿಡಿದಳು. ಅವಳ ಕೈ ಉಜ್ಜಿದ ಕಡೆ ಬಣ್ಣ ಮಾಸಿದ ಗೆರೆಯೊಂದು ಹಜಾರದಿಂದ ಬಚ್ಚಲತನಕ ಎದ್ದಿದೆ.

ಕಳೆದ ತಿಂಗಳು ಹಾರನಹಳ್ಳಿಯ ಕಡೆ ಬಸ್ಸಿನಲ್ಲಿ ಹೋಗುವಾಗ ರಸ್ತೆಬದಿಯ ಶುಂಠಿ ತೊಳೆಯುವ ಜಾಗದಲ್ಲಿ ಅವಳನ್ನು ಕಂಡೆ. ಮೊಣಕಾಲುದ್ದದ ರಬ್ಬರ್ ಬೂಟು, ಕೈಯಲ್ಲಿ ನೀರಿನ ಪೈಪು, ಮುಂದೆ ಕೆಸರು ಶುಂಠಿಯ ರಾಶಿ. ಮುಂದಿನ ಸ್ಟಾಪಿನಲ್ಲಿಳಿದು ವಾಪಸ್ ನಡೆದೆ.

"ನೀನು ರೆಸಾರ್ಟಲ್ಲಿದೀಯ ಅಂತ ಊರೆಲ್ಲ ಹೇಳ್ತಿದೆ."

"ಊಂ ಅಕ್ಕ, ಇದೇ ರೆಸಾರ್ಟು. ಗೆಸ್ಟ್‌ಗೋಳು ನೋಡಿ, ಎಂಗೆ ಮಲ್ಗವ್ರೆ" ಎಂದು ಶುಂಠಿ ರಾಶಿಗೆ ನೀರು ಬಿಟ್ಟಳು. ಆಮೇಲೆ ಪೈಪು ಕೆಳಗಿಳಿಸಿ ಕೇಳಿದಳು: "ಅವ್ವ ನಡೀತಾವ್ರಾ?"

ಇಲ್ಲವೆಂದು ತಲೆ ಅಲ್ಲಾಡಿಸಿ ನಾನು ಕೇಳಿದೆ:

"ಮತ್ತೆ ಕರದ್ರೆ ಬರ್ತೀಯಾ?"

"ನಿರ್ಲಕ್ಷ್ಯ ಅಂತ ಬರ್ದವ್ರಲ್ಲಕ್ಕ. ಇನ್ಯಾವ್ ಕೊಳದತ್ರ ಓದ್ರೂ ಅದ್ನೇ ಕೇಳ್ತಾರೆ. ಅದ ಅಳಿಸ್ಲಿ, ಬತ್ತೀನಿ."

ಮರುದಿನ ಬೆಳಿಗ್ಗೆ ಕೊಳದ ಗೇಟಿನ ಬಳಿ ಮೇಷ್ಟ್ರಿಗಾಗಿ ಕಾದೆ. ಟವೆಲ್ ಹೆಗಲಿಗೆ ಹಾಕಿಕೊಂಡು, ತಲೆಯಿಂದ ನೀರು ತೊಟ್ಟಿಕ್ಕಿಸುತ್ತ ಹೊರಬಂದರು. ಅವಳನ್ನು ಕಂಡದ್ದು, ಅವಳು ಹೇಳಿದ್ದು ಎರಡನ್ನೂ ತಿಳಿಸಿದೆ.

"ನಿಂಗೆ ವಾದ ಮಾಡೋದ ಕಲ್ಸಿದ್ದೇ ತಪ್ಪಾಯ್ತು ನೋಡು" ಎಂದು ನಕ್ಕರು. "ಸ್ವಿಚ್ ಹಾಕಿದ್ದು ಅವಳು ತಾನೇ? ಬೇಡ ಅನ್ನಿಸಿದ್ರೆ ಹಾಕಲ್ಲ ಅನ್ನಬೇಕಿತ್ತು. ಬಾಯಿರಲಿಲ್ವಾ ಅವಳಿಗೆ?"

ಅವರ ಮಾತನ್ನು ಪೂರ್ತಿ ಕೇಳಿಸಿಕೊಂಡೆ. ಆಮೇಲೆ ಕೇಳಿದೆ:

"ಅವತ್ತು ಅಷ್ಟು ಜನರ ಮುಂದೆ ಅವಳು ಹಾಕಲ್ಲ ಅಂದಿದ್ರೆ, ಸಾರ್, ಅವಳ ಕೆಲಸ ಉಳಿಸ್ತಿದ್ರಾ?"