ಮೇಣದಲ್ಲಿದ್ದ ಗುರುತು

ವಾರಂಟಿ ಎಂದರೆ ಮಿಕ್ಸಿ ಕೊಂಡಾಗ ಅಂಗಡಿಯವನು ನಮಗೆ ಕೊಡುವುದು ಅಂತಲೇ ತಿಳಿದಿದ್ದೆ. ಟೆಕ್ಸಸ್ಸಿನ ಕ್ಯಾರಲ್ಟನ್ನಿನ ಅಪಾರ್ಟ್‌ಮೆಂಟಿನಲ್ಲಿ ಕೂತು ಅಮ್ಮನ ವೀಣೆಗೆ ವಿಮೆ ಮಾಡಿಸಿದ ದಿನ, ವಿಮೆಯಲ್ಲಿ ಅದು ನಾವೇ ಕಂಪನಿಗೆ ಕೊಡುವ ಮಾತು ಎಂದು ಗೊತ್ತಾಯಿತು. ಯಾರೂ ಇಲ್ಲದ ಕಾರಿನಲ್ಲಿ ವೀಣೆಯನ್ನು ಬಿಡುವುದಿಲ್ಲ ಎಂಬ ಸಾಲಿನ ಕೆಳಗೆ ಸಹಿ ಹಾಕಿದೆ. ಅಮ್ಮ ಹೋಗಿ ವರ್ಷವೂ ಆಗಿರಲಿಲ್ಲ. ಅವಳ ವೀಣೆಯನ್ನು ನಾನು ಬಿಟ್ಟು ಹೋಗುತ್ತೇನೆಯೇ ಎಂದು ಒಳಗೊಳಗೇ ನಕ್ಕಿದ್ದೆ.

ವೀಣೆಯ ತಂತಿಗಳಡಿಯ ಹಿತ್ತಾಳೆ ಮೆಟ್ಟಿಲುಗಳು ನಿಂತಿರುವುದು ಕಪ್ಪು ಮೇಣದಲ್ಲಿ. ಮೈಸೂರಿನಲ್ಲಿ ಒಮ್ಮೆ ಒಂದು ಮೆಟ್ಟಿಲು ಸಡಿಲವಾದಾಗ ಅಮ್ಮ ಮೇಣ ಬಿಸಿ ಮಾಡಿ ತಾನೇ ಒತ್ತಿದ್ದಳು. ಅವಳ ಹೆಬ್ಬೆರಳ ಗುರುತು, ಗೆರೆಗಳ ಸಮೇತ, ಅಲ್ಲೇ ಉಳಿದಿತ್ತು. ಅಭ್ಯಾಸಕ್ಕೆ ಕೂರುವ ಮುಂಚೆ ನನ್ನ ಹೆಬ್ಬೆರಳನ್ನು ಅದರ ಮೇಲಿಡುತ್ತಿದ್ದೆ. ವಿಮೆಯ ಫಾರಂನಲ್ಲಿ ಅದನ್ನು ಬರೆಯಲು ಜಾಗವಿರಲಿಲ್ಲ.

ಆ ಜುಲೈಯಲ್ಲಿ ಹ್ಯೂಸ್ಟನ್ನಿನ ಸ್ನೇಹಿತರು ಮನೆಗೆ ನುಡಿಸಲು ಕರೆದಿದ್ದರು. ಅರ್ಧ ದಾರಿಯಲ್ಲಿ ನನಗೂ ನಮ್ಮ ಯಜಮಾನರಿಗೂ ಹಸಿವಾಯಿತು. ಡಬ್ಬಿಯಲ್ಲಿ ಪುಳಿಯೋಗರೆ, ಹಿಂದಿನ ಸೀಟಿನಲ್ಲಿ ವೀಣೆ. ವೀಣೆಯ ಮುಂದೆ ಎಂಜಲು ಮಾಡಬಾರದೆಂದು ಅಮ್ಮ ಚಿಕ್ಕಂದಿನಲ್ಲೇ ತಲೆಗೆ ತುಂಬಿದ್ದಳು; ಅದಿದ್ದ ಕೋಣೆಗೆ ಕಾಫಿ ಲೋಟವನ್ನೂ ತಂದವಳಲ್ಲ. ಹೆದ್ದಾರಿಯ ತಂಗುತಾಣದಲ್ಲಿ ಕಾರು ನಿಲ್ಲಿಸಿ ಬೀಗ ಹಾಕಿ, ದೂರದ ಮರದಡಿಯ ಬೆಂಚಿನಲ್ಲಿ ಕೂತು ಭಕ್ತಿಯಿಂದ ಉಂಡೆವು. ಮಾತಿನಲ್ಲಿ ಮುಕ್ಕಾಲು ಗಂಟೆ ಹೋಯಿತು. ಟೆಕ್ಸಸ್ಸಿನ ಬಿಸಿಲಲ್ಲಿ ಮುಚ್ಚಿದ ಕಾರು ಒಲೆಯಾಗುತ್ತದೆಂದು ಸಣ್ಣ ಮಕ್ಕಳಿಗೂ ಗೊತ್ತು.

ಹ್ಯೂಸ್ಟನ್ನಿನಲ್ಲಿ ಪೆಟ್ಟಿಗೆ ತೆರೆದರೆ ಮೇಣ ಕರಗಿ ಮೆಟ್ಟಿಲುಗಳು ಒಂದರ ಮೇಲೊಂದು ವಾಲಿದ್ದವು. ನಾನು ಹುಡುಕಿದ್ದು ಒಂದೇ ಜಾಗವನ್ನು. ಅಲ್ಲಿ ನುಣ್ಣಗಿತ್ತು.

ಪರಿಹಾರ ಕೇಳಿ ಬರೆದ ಮೇಲೆ ವಿಮೆಯವರು ಫೋನ್ ಮಾಡಿದಾಗ ನಮ್ಮ ಯಜಮಾನರು ಪಕ್ಕದಲ್ಲೇ ನಿಂತಿದ್ದರು.

“ಕಾರಲ್ಲೇ ಕೂತು ತಿಂದ್ವಿ ಅಂತ ಹೇಳ್ಬಿಡು. ಯಾರ್ ನೋಡಿದ್ದಾರೆ?” ಎಂದು ಪಿಸುಗುಟ್ಟಿದರು.

ಅಮ್ಮನ ಮಾತು ಉಳಿಸಲು ಹೋಗಿ ಕಂಪನಿಗೆ ಕೊಟ್ಟ ಮಾತು ಮುರಿದಿದ್ದೆ. ಈಗ ಅದನ್ನು ಮುಚ್ಚಲು, ವೀಣೆಯ ಮುಂದೆಯೇ ಉಂಡೆ ಅನ್ನಬೇಕಿತ್ತು. ಕಾರಿನಲ್ಲಿ ಯಾರೂ ಇರಲಿಲ್ಲ ಎಂದೆ. ಯಾಕೆ ಎಂದು ಫೋನಿನಲ್ಲಿದ್ದ ವಿಮೆಯ ಹೆಂಗಸು ಕೇಳಿದಳು, ನಾನು ಹೇಳಿದೆ, ಅವಳು ತಾಳ್ಮೆಯಿಂದ ಕೇಳಿಸಿಕೊಂಡಳು. ಆದರೆ ಕಾರಣ ಒಳ್ಳೆಯದೋ ಕೆಟ್ಟದೋ ಎಂಬುದು ಲೆಕ್ಕಕ್ಕಿಲ್ಲವಂತೆ, ಮಾತು ತಪ್ಪಿದ್ದಷ್ಟೇ ಲೆಕ್ಕವಂತೆ. ಪರಿಹಾರವಿಲ್ಲ ಎಂಬ ಕಾಗದ ಆಮೇಲೆ ಬಂತು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಸಿಟ್ಟೆಲ್ಲ ಆ ಪುಳಿಯೋಗರೆಯ ಮೇಲೆ. ಎಷ್ಟೋ ದಿನ ಅದನ್ನು ಮಾಡಲಿಲ್ಲ.

ಆಸ್ಟಿನ್ನಿನಲ್ಲಿ ವೀಣೆ ರಿಪೇರಿ ಬಲ್ಲ ಅಂಕಲ್ ಒಬ್ಬರು ಹೊಸ ಮೇಣ ಹಾಕಿ, ಒಂದೊಂದೇ ಮೆಟ್ಟಿಲನ್ನು ಕೂರಿಸಿದರು. ಸ್ವರಗಳು ಸರಿಯಾಗಿಯೇ ಬಂದವು. ಎಂದಿನ ಅಭ್ಯಾಸದಂತೆ ನನ್ನ ಹೆಬ್ಬೆರಳು ಅಮ್ಮನ ಗುರುತಿದ್ದ ಜಾಗಕ್ಕೆ ಹೋಯಿತು.

“ಮುಟ್ಬೇಡಮ್ಮಾ, ಇನ್ನೂ ಬಿಸಿ ಇದೆ,” ಎಂದರು ಅವರು. “ಗುರುತು ಉಳಿದುಬಿಡತ್ತೆ.”

ಕೈಯನ್ನು ಮಡಿಲಿಗೆ ಎಳೆದುಕೊಂಡು, ಮೇಣ ಆರುವವರೆಗೆ ಕೂತಿದ್ದೆ.