ಮೊಲದ ಪಾಲು

ಬೇಟೆಯಲ್ಲಿ ಮೊಲ ಹಿಡಿದ ನಾಯಿಗೇ ಅದರ ಕರುಳು, ಗುಂಡಿಗೆ ಮೊದಲು ಸಲ್ಲಬೇಕು. ಚಿಂಚೋಳಿ ಸೀಮೆಯಲ್ಲಿ ಬೇಟೆನಾಯಿ ಸಾಕಿದವರೆಲ್ಲ ಪಾಲಿಸುತ್ತಿದ್ದ ರೂಢಿ ಅದು. ನಮ್ಮೂರ ಗೌಡನಿಗೆ ಮಾತ್ರ ಅದು ಲೆಕ್ಕಕ್ಕಿರಲಿಲ್ಲ. ಅಪ್ಪ ಹಾಲು ರೊಟ್ಟಿ ಹಾಕಿ ಬೆಳೆಸಿದ ನಮ್ಮ ಉದ್ದ ಕಾಲಿನ ಹೆಣ್ಣುನಾಯಿ ತೊಗರಿ ಹೊಲದಲ್ಲಿ ಅಟ್ಟಿ ಹಿಡಿದ ಮೊಲವನ್ನು ಅವನು ಇಡಿಯಾಗಿ ಜೀಪಿಗೆ ಹಾಕಿಕೊಂಡು ಹೋಗುತ್ತಿದ್ದ. ನಾಯಿ ನಾಲಿಗೆ ಚಾಚಿಕೊಂಡು ಜೀಪಿನ ಧೂಳು ನೋಡುತ್ತಿತ್ತು.

ಒಂದು ದಿನ ಕಾಲಬುಡದಲ್ಲೇ ಮೊಲ ಎದ್ದರೂ ನಾಯಿ ಓಡಲಿಲ್ಲ. ಕುಳಿತೇಬಿಟ್ಟಿತು.

"ನಿನ್ನ ನಾಯಿಗಿ ಭಾಳ ಸೊಕ್ಕು ಬಂದದಲೇ," ಎಂದ ಗೌಡ.

"ತಪ್ಪಾತ್ರಿ ಧಣಿ, ಹೊಟ್ಟ್ಯಾಗ ಹಾಕ್ಕೋರಿ," ಎಂದು ಅಪ್ಪ ಕೈ ಮುಗಿದ.

ಮನೆಗೆ ಬಂದವನೇ ಬಾರುಕೋಲು ತೆಗೆದುಕೊಂಡು ಚರ್ಮ ಸುಲಿಯುವಂತೆ ನಾಯಿಗೆ ಬಾರಿಸಿದ. ನಮ್ಮ ಮನೆಯಲ್ಲಿ ಗೌಡನಿಗೆ ಆಗುವುದಿಲ್ಲ ಎಂದದ್ದು ಆ ಒಂದೇ ಜೀವ.