ಚೀರಿದವಳಿಗೆ ಸೂಜಿ, ಸುಮ್ಮನಿದ್ದವಳಿಗೆ ಗುಳಿಗೆ

ನಾನು ಹುಟ್ಟಾ ಬಾಯಿಬಡುಕಿ. ಅತನೂರಿನ ನಮ್ಮ ಮನೆಯಲ್ಲಿ ಸೂತಕ, ಮೈಲಿಗೆ ಏನೂ ಇರಲಿಲ್ಲ. ಮುಟ್ಟಾದ ದಿನವೂ ಲಿಂಗಪೂಜೆ ನಡೆಯುತ್ತಿತ್ತು. ಹೊಟ್ಟೆ ನೋವಾದರೆ ಓಣಿಗೆಲ್ಲ ಕೇಳುವಂತೆ ಅಳುತ್ತಿದ್ದೆವು. ಅಫಜಲಪುರದ ಹಾಸ್ಟೆಲಿನಲ್ಲಿ ನನ್ನ ಪಕ್ಕದ ಹಾಸಿಗೆಯ ಗೆಳತಿ ಕರಜಗಿಯವಳು. ಅವಳಿಗೆ ಮುಟ್ಟಿನ ನೋವು ನನಗಿಂತ ಜೋರು, ಆದರೆ ಗೋಡೆಗೆ ಮುಖ ಮಾಡಿ ತುಟಿ ಕಚ್ಚಿಕೊಂಡು ಮಲಗಿಬಿಡುತ್ತಿದ್ದಳು. ಪ್ರತಿ ತಿಂಗಳೂ ಶಾಲೆ ತಪ್ಪುತ್ತಿತ್ತು. ಹೀಗೇ ಆದರೆ ಓದು ಬಿಡಿಸಿ ಊರಿಗೆ ಒಯ್ಯುತ್ತೇನೆಂದು ಅವಳಪ್ಪ ಹೇಳಿ ಹೋಗಿದ್ದರು.

ಎಂಬತ್ತರ ದಶಕದ ಒಂದು ಚಳಿಗಾಲ, ಇಬ್ಬರಿಗೂ ಒಂದೇ ದಿನ ಶುರುವಾಯಿತು. ವಾರ್ಡನ್ ಬಾಯಿಯವರು ಗಾಬರಿಬಿದ್ದು ಇಬ್ಬರನ್ನೂ ಟಾಂಗಾದಲ್ಲಿ ಹತ್ತಿರದ ದವಾಖಾನೆಗೆ ಕರೆದೊಯ್ದರು.

"ಯವ್ವಾ, ಸತ್ತೆನೇ!" ಎಂದು ನಾನು ಬೆಂಚಿನ ಮೇಲೆ ಹೊರಳಾಡಿದೆ. ನೋವು ಸುಳ್ಳಲ್ಲ. ಆದರೆ ಡಾಕ್ಟರ್ ಬಾಗಿಲಲ್ಲಿ ಕಂಡಾಗ ದನಿ ಇನ್ನೊಂದಿಷ್ಟು ಏರಿತು, ಅದನ್ನೇಕೆ ಮುಚ್ಚಿಡಲಿ?

"ನೋವಿನ ಸೂಜಿ ಒಂದೇ ಒಂದು ಉಳದದರಿ," ಎಂದರು ನರ್ಸಬಾಯಿ.

ಡಾಕ್ಟರ್ ಕೆಟ್ಟವರೇನಲ್ಲ. ಗೆಳತಿಯ ಕಡೆ ಬಾಗಿ ಕೇಳಿದರು, "ನಿನಗ ಹೆಂಗದ ತಂಗಿ?"

ಹಣೆ ತುಂಬ ಬೆವರು. ಆದರೂ ಆ ಪುಣ್ಯಾತ್ಗಿತ್ತಿ, "ತಡಕೋತೇನ್ರಿ," ಅಂದಳು.

ಮುಗಿಯಿತು. ಸೂಜಿ ನನಗೆ, ಗುಳಿಗೆ ಅವಳಿಗೆ.

ಆ ಸೂಜಿಯ ಸುಖ ಏನೆಂದು ಹೇಳಲಿ! ಬಿಗಿದ ಹಗ್ಗವನ್ನು ಯಾರೋ ಮೆಲ್ಲಗೆ ಸಡಿಲಿಸಿದ ಹಾಗೆ ಹೊಟ್ಟೆ ಹಗುರಾಯಿತು. ಪಕ್ಕದಲ್ಲಿ ಅವಳು ವಾಂತಿ ಮಾಡಿಕೊಂಡಳು. ಗುಳಿಗೆ ಇಡಿಯಾಗಿ ನೆಲಕ್ಕೆ ಬಿದ್ದದ್ದನ್ನು ಕಂಡೆ. ನರ್ಸಬಾಯಿಯನ್ನು ಕರೆಯಬೇಕು ಅಂದುಕೊಂಡೆ. ಕಣ್ಣು ಎಳೆಯುತ್ತಿತ್ತು, ಹಾಯೆನಿಸುತ್ತಿತ್ತು. ಕರೆಯಲಿಲ್ಲ, ನಿದ್ದೆ ಹೋದೆ. ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ ಬರುತ್ತದೆ.

ಎದ್ದಾಗ ಅವಳು ಇನ್ನೂ ಹೊಟ್ಟೆ ಹಿಡಿದು ಮುದುಡಿಕೊಂಡು ಕೂತಿದ್ದಳು. "ಏನ್ ಗೊರಕಿ ಹೊಡಿತೀಬೇ!" ಎಂದು ನಗಲು ನೋಡಿದಳು.

ಮುಂದಿನ ತಿಂಗಳು ಅವಳಿಗೆ ಮತ್ತೆ ಅದೇ ಪಾಡು.

"ಏಳಬೇ, ದವಾಖಾನಿಗಿ ಹೋಗೂಣು. ಈ ಸಲ ಸೂಜೀನೇ ಕೇಳೂಣು," ಎಂದೆ.

"ಬ್ಯಾಡ. ನಿನ್ನ ಮೈಗಿ ಔಷಧ ಹತ್ತತದ, ನನಗ ಹತ್ತಂಗಿಲ್ಲ. ಇಬ್ಬರೂ ಕೂಡೇ ಹೋಗಿದ್ವಿಲ್ಲೇನು?"

"ನಿನಗ ಕೊಟ್ಟದ್ದು ಬರೇ ಗುಳಗಿ, ಹುಚ್ಚಿ! ಅದೂ ಹೊಟ್ಟ್ಯಾಗ ನಿಲ್ಲಲಿಲ್ಲ."

"ಸಮಾಧಾನ ಮಾಡಾಕತ್ತೀಯೇನು?" ಎಂದು ಗೋಡೆಯ ಕಡೆ ಹೊರಳಿದಳು. ತನ್ನ ನೋವಿಗೆ ಮದ್ದೇ ಇಲ್ಲವೆಂದು ಅವಳು ತೀರ್ಮಾನಿಸಿಯಾಗಿತ್ತು. ಕೈಹಿಡಿದು ಎಳೆದೆ, ಬೈದೆ, ಅತ್ತೆ. ಏಳಲಿಲ್ಲ.

ಆ ವಾರವೇ ಅವಳಪ್ಪ ಬಂದರು. ದವಾಖಾನೆಗೂ ಹೋಗಿ ಬಂದೆ, ಔಷಧ ಹತ್ತಲಿಲ್ಲ ಎಂದು ಅವಳೇ ಹೇಳಿದಳು. ಅವರು ಟ್ರಂಕು ಎತ್ತಿಕೊಂಡರು.

ನಾನು ಅಡ್ಡ ನಿಂತೆ. "ಕಾಕಾ, ಛಲೋ ಔಷಧ ನನಗ ಕೊಟ್ಟಾರ್ರಿ, ಆಕಿಗಿ ಕೊಟ್ಟೇ ಇಲ್ಲರಿ!"

ಗೆಳತಿಯನ್ನು ಬಿಟ್ಟಿರಲಾರದೆ ಹುಡುಗಿ ಏನೋ ಅನ್ನುತ್ತಿದೆ ಎಂದುಕೊಂಡರೋ ಏನೋ. ಟ್ರಂಕನ್ನು ಹೆಗಲಿಗೇರಿಸಿ, ಇನ್ನೊಂದು ಕೈಯಿಂದ ನನ್ನ ತಲೆ ಸವರಿದರು.

"ಇರಲಿ ತಂಗಿ. ನಿನಗಾದ್ರೂ ಗುಣ ಆತಲ್ಲ. ನೀ ಛಲೋ ಓದು," ಎಂದರು.